ತಟ್ಟಿ ಮಲಗಿಸಿ

ಕೂಸು ಬಿಲ್ಲಿನ ಹಾಗೆ ಬಾಗುತ್ತದೆ, ನರ್ಸಮ್ಮ ಕೂಡಲೇ ಬರಬೇಕಂತೆ ಎಂದು ಅಜ್ಜಂಪುರದ ಪೇಟೆಬೀದಿಯಿಂದ ಹೇಳಿ ಕಳಿಸಿದ್ದರು. ಆ ಹೊತ್ತಿಗೆ ನಮ್ಮ ಡಿಸ್ಪೆನ್ಸರಿಯಲ್ಲಿ ಡಾಕ್ಟರು ಇರಲಿಲ್ಲ. ಪ್ಲೇಗಿನ ಚುಚ್ಚುಮದ್ದು ಹಾಕಲು ಅವರನ್ನು ತರೀಕೆರೆಗೆ ಕರೆಸಿಕೊಂಡಿದ್ದರು. ಹೆರಿಗೆ, ಬಾಣಂತಿ, ಎಳೆಗೂಸು ಇವಿಷ್ಟಕ್ಕೆಂದು ಸರ್ಕಾರ ನೇಮಿಸಿದ್ದ ಮಿಡ್‌ವೈಫ್ ನಾನು. ನರ್ಸಮ್ಮ ಎಂಬುದು ಊರು ಕೊಟ್ಟ ಹೆಸರು. ಚೀಲ ಎತ್ತಿಕೊಂಡು ಹೊರಟೆ.

ಅದು ಕೊಬ್ಬರಿ, ಬೆಲ್ಲದ ವ್ಯಾಪಾರದವರ ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಕಡೂರಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಮಾಡಿಸಿದವಳು ಅವರ ಮನೆಯ ಹಳೆಯ ಸೂಲಗಿತ್ತಿ. ನನ್ನನ್ನು ಆಗ ಕರೆದಿರಲಿಲ್ಲ. ಗಂಡುಕೂಸು, ಇನ್ನೂ ತಿಂಗಳು ತುಂಬಿರಲಿಲ್ಲ. ಬಾಣಂತಿಯ ಕೋಣೆಗೆ ಕಿಟಕಿ ಇಲ್ಲ, ಇದ್ದ ಒಂದು ಬಾಗಿಲಿಗೂ ಕಂಬಳಿ ಇಳಿಬಿಟ್ಟಿದ್ದರು. ಸಾಂಬ್ರಾಣಿ ಹೊಗೆಯಲ್ಲಿ ತಾಯಿಯ ಮುಖವೇ ನನಗೆ ಸರಿಯಾಗಿ ಕಾಣಲಿಲ್ಲ. ಹದಿನಾರು ಹದಿನೇಳರ ಹುಡುಗಿ. ಕೂಸು ಅತ್ತರೆ ಅವಳೂ ಅಳುತ್ತಿದ್ದಳು.

ಇಂಥಲ್ಲಿ ಮೊದಲು ನೋಡಬೇಕಾದದ್ದು ಜೀವಕ್ಕೆ ಕೇಡಾಗುವಂಥದ್ದು ಏನಾದರೂ ಇದೆಯೇ ಎಂದು. ಮೈ ಬಿಸಿ ಇರಲಿಲ್ಲ. ನೆತ್ತಿ ಒಳಗೆ ಕುಸಿದಿರಲಿಲ್ಲ, ಉಬ್ಬಿರಲೂ ಇಲ್ಲ. ಅಂಗೈ ಬೆಚ್ಚಗೆ ಮಾಡಿಕೊಂಡು ಒತ್ತಿದರೆ ಹೊಟ್ಟೆ ಮೆತ್ತಗಿತ್ತು. ಕಕ್ಕಿದ್ದನ್ನು ಒರೆಸಿದ ಬಟ್ಟೆ ತರಿಸಿ ಹೊರಗಿನ ಬೆಳಕಿಗೆ ಹಿಡಿದೆ. ಹಸಿರು ಇರಲಿಲ್ಲ, ರಕ್ತದ ಗೆರೆ ಇರಲಿಲ್ಲ. ಬರೀ ಒಡೆದ ಹಾಲು. ದೂರಕ್ಕೆ ಚಿಮ್ಮುತ್ತದೆಯೇ ಎಂದು ಕೇಳಿದೆ. ಇಲ್ಲ, ಕಟವಾಯಿಯಿಂದ ಸುರಿಯುತ್ತದೆ ಎಂದರು. ನನ್ನ ಎದುರಿಗೇ ಹಾಲು ಕುಡಿಸಲು ಹೇಳಿದೆ. ಕೂಸು ಹಸಿದ ಕರುವಿನ ಹಾಗೆ ಕುಡಿಯಿತು. ಕೆಳಗೆ ಮಲಗಿಸಿದ ಸ್ವಲ್ಪ ಹೊತ್ತಿಗೆಲ್ಲ ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಬೆನ್ನು ಹಿಂದಕ್ಕೆ ಬಾಗಿ ಕಿರುಚತೊಡಗಿತು. ಆಮೇಲೆ ಹಾಲು ಬಂತು. ಆದರೆ ಕಣ್ಣು ಮೇಲೆ ಸಿಕ್ಕಿಕೊಂಡಿರಲಿಲ್ಲ. ನನ್ನ ಬೆರಳು ಕೊಟ್ಟರೆ ಹಿಡಿದುಕೊಂಡಿತು. ಇದು ಸೆಳೆತವಲ್ಲ ಎಂದು ಅಷ್ಟರಿಂದ ಗೊತ್ತಾಯಿತು.

ಕೆಲವು ಕೂಸುಗಳಿಗೆ ಹೊಟ್ಟೆಯ ಮೇಲುಬಾಯಿ ಸಡಿಲವಾಗಿರುತ್ತದೆ, ಕುಡಿದದ್ದು ಹುಳಿಯಾಗಿ ಗಂಟಲಿಗೆ ಏರಿ ಉರಿಯುತ್ತದೆ ಎಂದು ಮೈಸೂರಿನಲ್ಲಿ ನಮಗೆ ಪಾಠ ಹೇಳಿದ ಡಾಕ್ಟರಮ್ಮ ಹೇಳಿದ್ದುಂಟು. ಇದೂ ಅದೇ ಎಂದು ಖಂಡಿತವಾಗಿ ಹೇಳಲು ನನ್ನ ಬಳಿ ಪುರಾವೆ ಇರಲಿಲ್ಲ. ಗುಮಾನಿ, ಅಷ್ಟೆ.

“ಬಾಲಗ್ರಹ ಕಣವ್ವ ಇದು,” ಎಂದರು ಬಾಣಂತಿಯ ತಾಯಿ. ಆ ಮನೆಯ ಯಜಮಾನಿಕೆ ಅವರದೇ. ನಾನು ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದೆ. “ಅಮಾಸೆ ದಿನ ಚುಟಿಗೆ ಹಾಕಿಸ್ಬಿಡ್ತೀವಿ. ಹಾಕೋನಿಗೆ ಹೇಳಿ ಕಳ್ಸಾಗೈತೆ. ಅಲ್ಲೀತಂಕ ಕೂಸಿಗೆ ವಸಿ ನೆಮ್ದಿ ಆಗಂಗೆ ಏನಾರ ಔಷ್ದಿ ಕೊಡು.”

ಚುಟಿಗೆ ಎಂದರೆ ಅರಿಸಿನದ ಕೊಂಬಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ ಕೂಸಿನ ಹೊಕ್ಕುಳ ಸುತ್ತ ಒತ್ತುವುದು. ಹಾಗೆ ಒತ್ತಿದ ಗಾಯ ಕೀವಾಗಿ, ಒಂದು ಕೂಸನ್ನು ಹಿಂದೊಮ್ಮೆ ನಮ್ಮಲ್ಲಿಗೆ ತಂದಿದ್ದರು. ಅದು ಉಳಿಯಲಿಲ್ಲ. ಈ ಕೂಸಿನ ಹೊಟ್ಟೆಯ ಚರ್ಮ ಬಾಳೆಯ ಸುಳಿಯೆಲೆಯಷ್ಟು ತೆಳುವಾಗಿತ್ತು.

“ಅಜ್ಜಿ, ಇದು ಗ್ರಹವಲ್ಲ. ಹಾಲು ಮೇಲಕ್ಕೆ ಬರ್ತಿದೆ. ಸುಟ್ಟರೆ ಹಾಲು ಕೆಳಗಿಳಿಯುತ್ತಾ?”

“ನನ್ನ ಮೂರು ಗಂಡುಮಕ್ಳಿಗೂ ಹಾಕ್ಸಿದೀನಿ. ಮೂರೂ ಗುಂಡುಕಲ್ಲಿದ್ದಂಗವೆ.”

“ಹಾಕಿಸದೆ ಇದ್ದಿದ್ದರೂ ಹಾಗೇ ಇರ್ತಿದ್ದರು.”

“ಅದು ನಿಂಗೆಂಗೆ ಗೊತ್ತು?”

“ಹಾಕಿಸಿದ್ದಕ್ಕೇ ಹಾಗಿದ್ದಾರೆ ಅಂತ ನಿಮಗೆ ಹೇಗೆ ಗೊತ್ತು?”

“ಹಾಕ್ಸಿದೋಳು ನಾನಲ್ವೇನೇ!”

ಮೈಸೂರಿನ ಶಾಲೆಯ ಚರ್ಚಾಕೂಟದಲ್ಲಿ ಇಂಥ ಉತ್ತರ ಕೊಟ್ಟವರನ್ನು ಗಂಟೆ ಬಾರಿಸಿ ಕೂರಿಸುತ್ತಿದ್ದರು. ಇಲ್ಲಿ ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ನಾನು ಬಿಡಲಿಲ್ಲ. ಬಜೆ ತೇಯ್ದು ನೆಕ್ಕಿಸುವುದರಿಂದ ಹಿಡಿದು ಕೈಗೆ ಕಟ್ಟಿದ ಕಪ್ಪು ದಾರದವರೆಗೆ ಒಂದೊಂದನ್ನೂ ಎತ್ತಿಕೊಂಡು ಪ್ರಶ್ನೆ ಕೇಳಿದೆ. ಅಜ್ಜಿಗೆ ಕೊನೆಗೆ ಸಾಕಾಯಿತು.

“ಒಂದು ಹೆತ್ತಿದೀಯೇನವ್ವ?”

“ಇಲ್ಲ.”

“ಹೆತ್ತು ಬಾ, ಆಮೇಲೆ ವಾದ ಮಾಡಾಣ. ಈಗ ಮಾತು ಕೇಳು. ಅಮಾಸೆ ಒಳ್ಗೆ ಕೂಸು ಕಿರುಚೋದು ನಿಲ್ಸು, ಚುಟಿಗೆ ಬ್ಯಾಡ ಅಂತೀನಿ. ನಿಲ್ಲಿಲ್ವಾ, ನೀನು ಅಡ್ಡ ಬರಂಗಿಲ್ಲ.”

ಒಪ್ಪಿಕೊಂಡೆ. ಏನೇನು ಮಾಡಬೇಕೆಂದು ಬಿಡಿಸಿ ಹೇಳಿದೆ. ಒಂದೇ ಸಲಕ್ಕೆ ಹೊಟ್ಟೆ ಬಿರಿಯ ಕುಡಿಸುವುದು ಬೇಡ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಹೊಟ್ಟೆಗೆ ಬಿಗಿದ ಬಟ್ಟೆ ಸಡಿಲಿಸಿ. ಕೂಸಿನ ಮೈಗೆ ನೀರು ಹಾಕುವುದಿದ್ದರೆ ಹಾಲು ಕುಡಿಸುವ ಮುಂಚೆ ಹಾಕಿ. ಹರಳೆಣ್ಣೆ ಕುಡಿಸಲೇಬೇಡಿ. ಇದೆಲ್ಲಕ್ಕಿಂತ ಮುಖ್ಯ, ಹಾಲು ಕುಡಿಸಿದ ಮೇಲೆ ಬೆನ್ನು ತಟ್ಟಿ ಮಲಗಿಸಿ. ಹೇಳಿದ್ದು ತಲೆಗೆ ಹೋಯಿತೇ ಎಂದು ಬಾಣಂತಿಯ ಬಾಯಲ್ಲೂ ಹೇಳಿಸಿದೆ.

“ಹಾಲು ಕುಡಿಸ್ಬೇಕು, ಬೆನ್ನು ತಟ್ಟಿ ಮಲಗಿಸ್ಬೇಕು,” ಎಂದಳು ಹುಡುಗಿ.

ಅಕ್ಷರಶಃ ನನ್ನ ಮಾತೇ. ಇನ್ನೇನು ಬೇಕು?

ಮಾರನೆಯ ದಿನ ಹೋದೆ, ಅದರ ಮಾರನೆಯ ದಿನವೂ ಹೋದೆ. ಕಿರುಚಾಟ ಬೀದಿಗೇ ಕೇಳುತ್ತಿತ್ತು. ಬಟ್ಟೆ ಸಡಿಲವಾಗಿತ್ತು, ನೀರು ಮುಂಚೆ ಹಾಕುತ್ತಿದ್ದರು, ಹಾಲು ಸ್ವಲ್ಪ ಸ್ವಲ್ಪವೇ ಕೊಡುತ್ತಿದ್ದರು.

“ಬೆನ್ನು ತಟ್ಟುತ್ತಿದ್ದೀರಾ?”

“ತಟ್ಟೀ ತಟ್ಟೀ ಕೈ ಬಿದ್ದೋತು ಕಣಮ್ಮ,” ಎಂದಳು ಬಾಣಂತಿ.

ನಾನು ನಂಬಲಿಲ್ಲ. ತಟ್ಟಿದ್ದರೆ ತೇಗು ಬರಬೇಕು, ತೇಗು ಬಂದಿದ್ದರೆ ಇಷ್ಟು ಕಿರುಚಬಾರದು. ಆದ್ದರಿಂದ ನೀವು ತಟ್ಟುತ್ತಿಲ್ಲ ಎಂದು ತಾಯಿ ಮಗಳಿಬ್ಬರಿಗೂ ತರ್ಕದಿಂದ ಸಾಧಿಸಿ ತೋರಿಸಿದೆ. ಹುಡುಗಿ ಗೋಡೆಯ ಕಡೆ ತಿರುಗಿಕೊಂಡಳು.

ಕೂಸಿನ ತೂಕವಾದರೂ ಗೊತ್ತಾದರೆ ಹಿಡಿದು ಮಾತಾಡಲು ಏನಾದರೂ ಸಿಗುತ್ತದೆ ಎನಿಸಿತು. ಬಾಣಂತಿಯನ್ನೂ ಕೂಸನ್ನೂ ಡಿಸ್ಪೆನ್ಸರಿಗೆ ಕರೆದೊಯ್ಯುವ ಮಾತೇ ಇಲ್ಲ. ಅಂಗಡಿಯಲ್ಲಿ ದೊಡ್ಡ ತಕ್ಕಡಿ ತೂಗಾಡುತ್ತಿತ್ತಲ್ಲ, ಅದರಲ್ಲಿ ಒಂದು ಬಟ್ಟೆ ಹಾಸಿ ತೂಗೋಣ ಎಂದೆ.

“ಕೂಸನ್ನ ತಕ್ಕಡಿಗೆ ಹಾಕ್ತಾರೇನೇ?” ಅಜ್ಜಿ ಎದ್ದು ನಿಂತೇ ಬಿಟ್ಟರು. “ಕೊಬ್ಬರಿ ಏನು ಅದು, ಹೆಚ್ಚಾಯ್ತೋ ಕಮ್ಮಿಯಾಯ್ತೋ ಅಂತ ನೋಡಾಕೆ?”

“ಹೆಚ್ಚಾಯ್ತೋ ಕಮ್ಮಿಯಾಯ್ತೋ ಅಂತಲೇ ಅಜ್ಜಿ ನಾವು ನೋಡಬೇಕಾಗಿರೋದು!”

“ಕಣ್ಣಾಗ್ತದೆ. ಆ ಮಾತು ಬಿಡು.”

ತೂಕ ಸಿಗಲಿಲ್ಲ. ತೊಡೆಯ ಮಡಿಕೆ, ಒದ್ದೆಯಾದ ಬಟ್ಟೆಗಳು, ಇವೇ ನನಗೆ ಉಳಿದ ಸಾಕ್ಷಿಗಳು. ತೊಡೆಯ ಮಡಿಕೆ ಸಡಿಲವಾಗುತ್ತಿತ್ತು. ಅದೂ ನನ್ನ ಕಣ್ಣಿಗೆ ಹಾಗೆ ಕಂಡದ್ದೋ, ನಿಜವೋ ಹೇಳಲಾರೆ.

ರೈಲು ಹತ್ತಿ ತರೀಕೆರೆಗೆ ಹೋದೆ. ಡಾಕ್ಟರು ಊರಾಚೆಯ ಗುಡಾರದಲ್ಲಿ ಕೂತಿದ್ದರು. ಚುಚ್ಚಿಸಿಕೊಳ್ಳಲು ಬಂದವರಿಗಿಂತ ಚುಚ್ಚಿಸಿಕೊಳ್ಳುವುದಿಲ್ಲ ಎನ್ನಲು ಬಂದವರೇ ಹೆಚ್ಚು. ನನ್ನ ಮಾತನ್ನು ಅವರು ಸೂಜಿ ಕುದಿಸುತ್ತಲೇ ಕೇಳಿದರು.

“ಕಕ್ಕದ ಕೂಸು ಎಲ್ಲಿದೆಯಮ್ಮ? ಸಬ್ಬಸಿಗೆ ನೀರು, ಸೋಡಾ ಹಾಕಿ ಒಂದು ಮಿಕ್ಸ್ಚರ್ ಬರೆದುಕೊಡ್ತೀನಿ. ಕಾಂಪೌಂಡರಿಗೆ ಕೊಡು.”

“ಚುಟಿಗೆ ಹಾಕಿಸ್ತಾರಂತೆ ಸಾರ್. ನೀವು ಒಂದು ಮಾತು ಬಂದು ಹೇಳಿದರೆ...”

“ನಾನು ಹೇಳಿ ಇವರೆಲ್ಲ ತೋಳು ಕೊಡ್ತಿದ್ದಾರಾ, ನೋಡು.” ಗುಡಾರದ ಹೊರಗಿನ ಗದ್ದಲದ ಕಡೆ ಕೈ ತೋರಿಸಿದರು. “ನೀನು ಹೋದ ಮನೆಯಲ್ಲೆಲ್ಲ ವಾದ ಮಾಡ್ತೀಯ ಅಂತ ನನಗೆ ಆಗಲೇ ದೂರು ಬಂದಿದೆ. ಮಿಕ್ಸ್ಚರ್ ಕೊಡು, ಬಾಯಿ ಮುಚ್ಚಿಕೊಂಡು ಬಾ.”

ಮಿಕ್ಸ್ಚರ್ ಕೊಟ್ಟೆ. ಕೂಸನ್ನು ಅಂಗಾತ ಮಲಗಿಸಿಕೊಂಡು ಹಾಲೂಡಿಸುವ ಒಳಲೆಯಲ್ಲಿ ಗಂಟಲಿಗೆ ಹೊಯ್ದರು. ಹೊಯ್ದದ್ದು ಹಿಂದಿನ ಹಾಲನ್ನೂ ಜೊತೆಗೆ ಕರೆದುಕೊಂಡು ವಾಪಸು ಬಂತು.

“ನಿಮ್ಮ ಸರ್ಕಾರದ ಔಷ್ದಿ ನೋಡಿದ್ವಲ್ಲ,” ಎಂದರು ಅಜ್ಜಿ.

ನನಗೆ ರೇಗಿತು. ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ: “ಕೂಸಿನ ಮೈ ಸುಟ್ಟರೆ ನಾನು ಅಮಲ್ದಾರರಿಗೆ ಅರ್ಜಿ ಕೊಡ್ತೀನಿ.”

ಅಜ್ಜಿ ಎಲೆಯಡಿಕೆ ತಟ್ಟೆ ಕೆಳಗಿಟ್ಟರು. “ಕೊಡು ಹೋಗು. ಆ ಅಮಲ್ದಾರನ ಹೊಟ್ಟೆ ಮೇಲೂ ಚುಟಿಗೆ ಇರ್ತದೆ, ಅಂಗಿ ಬಿಚ್ಚಿಸಿ ನೋಡು. ಅವನ ತಾಯಿ ಏನು ಮೈಸೂರ್ನಾಗೆ ಓದಿದೋಳಾ? ಏಳವ್ವ, ಎದ್ದೇಳು. ಇನ್ಮೇಲೆ ನಮ್ಮನೆ ಹೊಸ್ಲು ತುಳೀಬೇಡ.”

ಹೊರಗೆ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವರು ನಕ್ಕರು. ಚೀಲ ಎತ್ತಿಕೊಂಡು ಬೀದಿಗಿಳಿದೆ. ಆ ನಗುವಿಗಿಂತ ಹೆಚ್ಚು ಸಿಟ್ಟು ಬಂದದ್ದು ಬೇರೆಯದಕ್ಕೆ. ನಾನು ಹೇಳಿದ್ದೆಲ್ಲ ಸರಿಯಾಗಿದ್ದರೆ ಕೂಸು ಯಾಕೆ ಸುಧಾರಿಸುತ್ತಿಲ್ಲ? ನನ್ನ ಗುಮಾನಿಯೇ ತಪ್ಪೇ? ಹೊಟ್ಟೆಯೊಳಗೆ ಬೇರೆ ಏನಾದರೂ ಇದೆಯೇ? ದಾರಿಯುದ್ದಕ್ಕೂ ನನ್ನ ಜೊತೆ ನಾನೇ ವಾದ ಮಾಡಿಕೊಂಡು ಹೋದೆ. ಎರಡೂ ಕಡೆ ನಾನೇ ಸೋತೆ.

ಮತ್ತೆ ಕರೆ ಬಂತು. ಕರೆಸಿದವಳು ಬಾಣಂತಿ. ಎದೆಯಲ್ಲಿ ಹಾಲು ಗಟ್ಟಿಕೊಂಡು ನೋಯುತ್ತಿದೆ, ನರ್ಸಮ್ಮನೇ ನೋಡಬೇಕು ಎಂದು ಹಟ ಹಿಡಿದಳಂತೆ. ಅಜ್ಜಿ ಬಾಗಿಲಲ್ಲೇ ಕಟ್ಟುಮಾಡಿದರು: “ಅವಳ್ದು ಏನೈತೋ ಅಷ್ಟು ನೋಡು. ಕೂಸಿನ ಸುದ್ದಿ ಎತ್ತಂಗಿಲ್ಲ. ತುಟಿ ಬಿಚ್ಚಿದ್ರೆ ಆಚೆಗೆ.”

ಬಿಸಿನೀರಿನ ಬಟ್ಟೆ ಒತ್ತಿ ನೋಡಿದೆ. ಎದೆ ಎಲ್ಲೂ ಗಟ್ಟಿಯಾಗಿರಲಿಲ್ಲ. ಹುಡುಗಿಯ ಮುಖ ನೋಡಿದೆ. ಅವಳು ಕಣ್ಣು ತಪ್ಪಿಸಲಿಲ್ಲ.

“ನಾಡಿದ್ದು ಅಮಾಸೆ,” ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

ಮಾತಾಡುವಂತಿಲ್ಲ. ಆದ್ದರಿಂದ ಶಾಖ ಕೊಡುವ ನೆವದಲ್ಲಿ ಸುಮ್ಮನೆ ಕೂತೆ. ಆ ಮನೆಯಲ್ಲಿ ನಾನು ಸುಮ್ಮನೆ ಕೂತದ್ದು ಅದೇ ಮೊದಲು. ಹುಡುಗಿ ಕೂಸಿಗೆ ಹಾಲು ಕೊಟ್ಟಳು. ಬಾಯಿ ಒರೆಸಿದಳು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿದಳು. ಪಕ್ಕದಲ್ಲಿ ತಾನೂ ಒರಗಿ, ಜೋಗುಳದ ಲಯಕ್ಕೆ ಬೆನ್ನು ತಟ್ಟತೊಡಗಿದಳು. ತಪ್ಪದೆ, ಒಂದೇ ಸಮ, ಪ್ರೀತಿಯಿಂದ.

ಬೆನ್ನು ತಟ್ಟಿ ಮಲಗಿಸುತ್ತಿದ್ದಳು.

ನಾನು ಹೇಳಿದ್ದೂ ಅದನ್ನೇ! ನನ್ನ ಲೆಕ್ಕದಲ್ಲಿ ತಟ್ಟುವುದು ಒಂದು ಕೆಲಸ, ಮಲಗಿಸುವುದು ಇನ್ನೊಂದು: ಎತ್ತಿ ಹಿಡಿದು ತಟ್ಟಬೇಕು, ತೇಗು ಬರಬೇಕು, ಆಮೇಲೆ ಮಲಗಿಸಬೇಕು. ಈ ಸೀಮೆಯಲ್ಲಿ, ಈ ಸೀಮೆಯಲ್ಲೇಕೆ, ನನ್ನ ತಾಯಿಯ ಬಾಯಲ್ಲೂ ಕೂಸನ್ನು ತಟ್ಟಿ ಮಲಗಿಸುವುದು ಎಂದರೆ ಒಂದೇ ಕೆಲಸ. ಮಲಗಿಸಿಕೊಂಡು ನಿದ್ದೆ ಬರುವ ತನಕ ತಟ್ಟುವುದು. ನಾನು ಹೇಳಿದ್ದನ್ನು ಅವರು ಚಾಚೂ ತಪ್ಪದೆ ಮಾಡಿದ್ದರು. ಹೊಟ್ಟೆ ತುಂಬಿದ ಕೂಸನ್ನು ಕೂಡಲೇ ಚಾಪೆಗೆ ಹಾಕಿ ಕೈ ಸೋಲುವಷ್ಟು ತಟ್ಟಿದ್ದರು. ಹಾಲು ಮೇಲಕ್ಕೆ ಬರದೆ ಇನ್ನೇನಾದೀತು? ನಡುವೆ ಒಂದು ‘ಆಮೇಲೆ’ ಇಲ್ಲದ್ದಕ್ಕೆ ಇಷ್ಟು ದಿನ ಹೋಗಿತ್ತು. ಚರ್ಚಾಕೂಟದಲ್ಲಿ ಎದುರಾಳಿ ಏನು ಹೇಳಿದ ಎಂಬುದನ್ನು ಹಿಡಿಯಲು ಕಲಿಸುತ್ತಾರೆ. ಅವನು ಏನು ಕೇಳಿಸಿಕೊಂಡ ಎಂದು ಯಾರೂ ಕೇಳುವುದಿಲ್ಲ.

ಬಾಯಿ ಬಿಡದೆ ಕೂಸನ್ನು ಎತ್ತಿದೆ, ಹೆಗಲಿಗೆ ಒರಗಿಸಿಕೊಂಡೆ. ಅಷ್ಟರಲ್ಲಿ ಅಜ್ಜಿ ಕಂಬಳಿ ಸರಿಸಿ ಒಳಗೆ ಬಂದರು.

“ಅಯ್ಯಯ್ಯೋ! ಕತ್ತು ನಿಂತಿಲ್ಲ! ಕತ್ತು ನಿಲ್ದಿರೋ ಕೂಸನ್ನ ನೆಟ್ಟಗೆ ಎತ್ತೀಯಲ್ಲೇ!” ಎಂದು ಕಿತ್ತುಕೊಂಡೇ ಬಿಟ್ಟರು. 

ಸರಿಯಾಗಿ ಹೇಳಿದ್ದರೂ ಇವರು ಮಾಡುತ್ತಿರಲಿಲ್ಲ ಎಂದು ಆಗ ಹೊಳೆಯಿತು. ಕತ್ತು ಗಟ್ಟಿಯಾಗುವ ತನಕ ಕೂಸನ್ನು ನೆಟ್ಟಗೆ ಹಿಡಿಯುವುದು ಆ ಮನೆಯಲ್ಲಿ ಯಾರೂ ಕಂಡು ಕೇಳಿದ್ದಲ್ಲ. ಕೈಯಿಂದ ತಲೆಗೆ ಆಸರೆ ಕೊಟ್ಟಿದ್ದೆನಲ್ಲ, ಕತ್ತಿಗೆ ಏನಾಗುತ್ತದೆ, ಎಷ್ಟು ಕೂಸುಗಳನ್ನು ನಾನು ಹೀಗೆ ಎತ್ತಿಲ್ಲ! ಮಾತುಗಳು ನಾಲಗೆಯ ತುದಿಗೆ ಬಂದು ನಿಂತಿದ್ದವು. ಆಡಿದರೆ ಗೆಲ್ಲುತ್ತಿದ್ದೆ. ಗೆದ್ದು ಬೀದಿಯಲ್ಲಿ ನಿಲ್ಲುತ್ತಿದ್ದೆ, ಕೂಸು ಒಳಗೇ ಇರುತ್ತಿತ್ತು.

ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ನೀರು ಹಾಕುವಾಗ ಅಜ್ಜಿ ಕಾಲು ಚಾಚಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದದ್ದನ್ನು ನೋಡಿದ್ದೆ. ನಾನು ಚಾಚಲಿಲ್ಲ, ಮಂಡಿ ಮೇಲೆತ್ತಿದೆ. ಕೈ ನೀಡಿದೆ. ಅಜ್ಜಿ ಅನುಮಾನಿಸುತ್ತಲೇ ಕೊಟ್ಟರು. ಕೂಸಿನ ತಲೆ ನನ್ನ ಮಂಡಿಯ ಬಳಿ, ಕುಂಡೆ ನನ್ನ ಹೊಟ್ಟೆಯ ಬಳಿ ಬರುವಂತೆ ತೊಡೆಯ ಇಳಿಜಾರಿಗೆ ಒರಗಿಸಿದೆ. ಮಲಗಿಯೂ ಇತ್ತು, ಕೂತೂ ಇತ್ತು. ಕತ್ತಿಗೆ ತೊಡೆಯ ಆಸರೆ. ಪಕ್ಕೆಯ ಹಿಂದೆ ಕೈ ತೂರಿಸಿ ಮೆಲ್ಲಗೆ ತಟ್ಟಿದೆ.

ಸ್ವಲ್ಪ ಹೊತ್ತಿಗೆ ತೇಗು ಬಂತು. ಅಷ್ಟು ಚಿಕ್ಕ ಮೈಯಿಂದ ಅಷ್ಟು ದೊಡ್ಡ ಸದ್ದು!

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಏನ್ಲಾ, ನಿಮ್ಮ ತಾತನ್ನೂ ಮೀರಿಸ್ದಲ್ಲೋ!” ಎಂದು ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ ನನ್ನ ಮಂಡಿಯನ್ನೇ ನೋಡಿದರು. “ನಾವು ಕಾಲು ಚಾಚ್ತೀವಿ, ನೀನು ಮಡಚ್ದೆ. ಅಷ್ಟೇ ತಾನೆ?”

“ಅಷ್ಟೇ ಅಜ್ಜಿ.”

ಕೂಸು ಕಿರುಚಲಿಲ್ಲ. ನಾನು ಡಿಸ್ಪೆನ್ಸರಿಗೆ ಹಿಂದಿರುಗಲಿಲ್ಲ. ಬರಬೇಕಾದವರು ಇಲ್ಲಿಗೇ ಬರಲಿ ಎಂದು ಕಾಂಪೌಂಡರಿಗೆ ಹೇಳಿ ಕಳಿಸಿದೆ. ಕತ್ತಲಾಗುವ ತನಕ ಪ್ರತಿ ಸಲ ಹಾಲಾದ ಮೇಲೂ ಒಬ್ಬರಲ್ಲ ಒಬ್ಬರ ಮಂಡಿಯ ಮೇಲೆ ಕೂಸು. ನನ್ನ ಕಾಲು ಮರಗಟ್ಟಿದಾಗ ಹುಡುಗಿ, ಅವಳಿಗೆ ಸೊಂಟ ನೋವು ಬಂದಾಗ ಅಜ್ಜಿ. ನಾನು ಏಕೆ, ಹೇಗೆ ಎಂದು ವಿವರಿಸಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ.

ಮಾರನೆಯ ಬೆಳಿಗ್ಗೆ ಹೋದರೆ ಮತ್ತೆ ಕಿರುಚಾಟ! ಅಜ್ಜಿ ವಾರದ ವಾಡಿಕೆಯೆಂದು ಹರಳೆಣ್ಣೆ ಕುಡಿಸಿದ್ದರು. ಕೂಸು ಹಾಲು, ಎಣ್ಣೆ ಎರಡನ್ನೂ ಕಕ್ಕಿ ನೀಲಿಗಟ್ಟುವಂತೆ ಅಳುತ್ತಿತ್ತು. ಬೇಡವೆಂದು ಹೇಳಿದ್ದೆನಲ್ಲ ಎಂದರೆ, “ವಾರಕ್ಕೊಂದು ದಿನ ಕೊಡೋದನ್ನ ನೀನೆಲ್ಲಿ ಬ್ಯಾಡ ಅಂದೆ?” ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆ ದಿನವೆಲ್ಲ ಹಾಳಾಯಿತು. ಸಂಜೆಯ ಹೊತ್ತಿಗೆ ಸ್ವಲ್ಪ ಸಮಾಧಾನವಾಯಿತೇನೋ, ಅಷ್ಟರಲ್ಲಿ ಕಡೂರಿನಿಂದ ಅಳಿಯ ಬಂದಿಳಿದ. ಚುಟಿಗೆ ಹಾಕಿಸಿಯೇ ಬಾ ಎಂದು ಅವನ ತಾಯಿ ಹೇಳಿ ಕಳಿಸಿದ್ದರು.

ಅಮಾವಾಸ್ಯೆಯ ದಿನ ನಾನು ಹೋಗುವ ಹೊತ್ತಿಗೆ ಚುಟಿಗೆಯವನು ಜಗಲಿಯ ಮೇಲೆ ಕೂತಿದ್ದ. ಮುಂದೆ ಕೆಂಡದ ಮಡಕೆ, ಎಲೆಯ ಮೇಲೆ ಅರಿಸಿನದ ಕೊಂಬು. ಒಳಗೆ ಅಜ್ಜಿ ಗೋಡೆಗೆ ಒರಗಿ, ಮಂಡಿ ಮಡಚಿ ಕೂತಿದ್ದರು. ತೊಡೆಯ ಮೇಲೆ ಕೂಸು ನಿದ್ದೆ ಹೋಗಿತ್ತು. ಬಾಯಿ ಅರ್ಧ ತೆರೆದು, ಮುಷ್ಟಿ ಬಿಚ್ಚಿ, ಹುಟ್ಟಿದಂದಿನಿಂದ ನಿದ್ದೆಯನ್ನೇ ಕಾಣದವರ ಹಾಗೆ.

“ಅತ್ತೆ, ಅವನು ಕಾಯ್ತಾ ಅವ್ನೆ. ಕೂಸು ತನ್ನಿ,” ಎಂದ ಅಳಿಯ.

“ಮಲಗೈತೆ.”

“ಎಬ್ಬಿಸಿದ್ರಾಯ್ತು.”

ಅಜ್ಜಿ ತಲೆಯೆತ್ತಿ ಅವನನ್ನು ನೋಡಿದರು. “ಏನಪ್ಪಾ, ಮಲಗಿರೋ ಕೂಸನ್ನ ಎಬ್ಬಿಸಿ ಸುಡಾಕೆ ಹೇಳ್ತೀಯಾ? ಇಷ್ಟು ದಿನ ಇದನ್ನ ಎತ್ಕಂಡು ಕುಂತೋರು ಯಾರು, ನಿಮ್ಮವ್ವಾನಾ? ಏಳ್ಲಿ, ನೋಡಾಣ.”

ಕೂಸು ಏಳಲಿಲ್ಲ. ಕೆಂಡಕ್ಕೆ ಬೂದಿ ಮುಚ್ಚಿತು. ಚುಟಿಗೆಯವನಿಗೆ ಎಲೆ ಹಾಕಿ ಊಟ ಬಡಿಸಿದರು. ಕೂಸು ಎದ್ದು, ಕುಡಿದು, ಮತ್ತೆ ಮಂಡಿಯ ಮೇಲೆ ಮಲಗಿತು. ಹೊತ್ತು ಇಳಿಯಿತು. ಅವನು ತೆಂಗಿನಕಾಯಿ ಈಸಿಕೊಂಡು ಮಡಕೆ ಖಾಲಿ ಮಾಡಿ ಹೊರಟ. ನಾನು ಕೂಸಿನ ಅಂಗಿ ಸರಿಸಿ ಹೊಟ್ಟೆ ನೋಡಿದೆ. ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು.

“ನೋಡ್ದೇನವ್ವ,” ಎಂದರು ಅಜ್ಜಿ ನೆಮ್ಮದಿಯಿಂದ. “ಚುಟಿಗೆ ಹಾಕಿಸ್ತೀವಿ ಅಂದಿದ್ದಕ್ಕೇ ಹೆದರ್ಕಂಡು ಬಿಟ್ಟೋಯ್ತು ಗ್ರಹ.”

ಎರಡು ದಿನ ಮರಗಟ್ಟಿದ ನನ್ನ ಕಾಲು, ತರೀಕೆರೆಯಲ್ಲಿ ತಿಂದ ಬೈಗುಳ, ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಬಾಯಿ ತೆರೆದೆ. ಹುಡುಗಿ ಚಾಪೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. 

“ಬರೀ ಅಂದಿದ್ದಕ್ಕೇ ಹೋಯ್ತಾ ಅಜ್ಜಿ?”

“ಹೋಗ್ದೆ! ಬೆಂಕಿ ಹೆಸ್ರು ಕೇಳಿದ್ರೆ ಯಾವ್ದು ನಿಂತಾತು?”

“ಹಾಗಾದರೆ ಇನ್ನು ಮುಂದೆ ಯಾರ ಮನೆಯಲ್ಲಿ ಕೂಸು ಬಾಗಿದರೂ ಬರೀ ಅಂದರೆ ಸಾಕಲ್ಲ. ಸುಡೋದು ಯಾಕೆ? ನೀವೇ ಹೇಳಿ, ನಿಮ್ಮ ಮಾತು ಕೇಳ್ತಾರೆ.”

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿದರು. ತಾವು ಎಲ್ಲೋ ಸಿಕ್ಕಿಕೊಂಡದ್ದು ಅವರಿಗೆ ಗೊತ್ತಾಯಿತು. ಎಲ್ಲಿ ಎಂದು ಹುಡುಕಿದರು.

“ಅಂದ್ರೂ ಹೋಗ್ದಿದ್ರೆ?”

“ಇನ್ನೊಂದು ಸಲ ಅನ್ನಿ. ಅಷ್ಟರಲ್ಲಿ ನನಗೆ ಹೇಳಿ ಕಳಿಸಿ.”

“ಥೂ, ಮಾತಿಗೆ ಸೋಲಲ್ಲ ಕಣೇ ನೀನು,” ಎಂದರು. ಒಪ್ಪಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಆಗ ಕೂಸು ಮಂಡಿಯ ಮೇಲೆಯೇ ಒಮ್ಮೆ ಮುಖ ಕಿವುಚಿ, ಒಂದು ಗುಟುಕು ಹಾಲು ಕಕ್ಕಿತು. ಹುಡುಗಿ ಗಾಬರಿಯಾಗಿ ಎದ್ದು ಕೂತಳು.

“ಮಲಕ್ಕಳೇ,” ಎಂದರು ಅಜ್ಜಿ, ಸೆರಗಿನಿಂದ ಕಟವಾಯಿ ಒರೆಸುತ್ತಾ. “ಗ್ರಹ ಅಲ್ಲ, ಗಿರ ಅಲ್ಲ. ಹಾಲು ಕಕ್ತು, ಅಷ್ಟೇಯ.”